ಕೊನೆಯ ಬೆಂಚಿನ ತುಂಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾವಲುಗಾರ ಗೇಟು ತೆಗೆದು, ಏಳನೇ ತರಗತಿಯ ದೀಪ ಹಾಕಿ ಹೋಗಿದ್ದಾನೆ. ಕೋಣೆಯಲ್ಲಿ ಒಂದು ಮಗುವೂ ಇಲ್ಲ, ಆದರೆ ಗಲಾಟೆ ಮಾತ್ರ ಹೊರಗಿನ ಮೆಟ್ಟಿಲಿನವರೆಗೆ ಕೇಳುತ್ತಿದೆ. ಕೊನೆಯ ಬೆಂಚಿನಲ್ಲಿ ಕೂತ ನರೆಗೂದಲಿನ ಹೆಂಗಸೊಬ್ಬರು ಕಾಲು ಕುಣಿಸುತ್ತ, ಪೆನ್ಸಿಲಿನಿಂದ ಡೆಸ್ಕು ಬಡಿಯುತ್ತ, "ಮಿಸ್, ಇವ್ನು ನನ್ನ ರಬ್ಬರ್ ಕೊಡ್ತಿಲ್ಲ ಮಿಸ್" ಎಂದು ರಾಗ ಎಳೆಯುತ್ತಿದ್ದಾರೆ. ಅವರ ಪಕ್ಕದಲ್ಲಿ ಯಾರೂ ಇಲ್ಲ. ಹಲಗೆಯ ಮುಂದೆ ನಿಂತ ಹೊಸ ಟೀಚರ್ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಗಿದೆ.

"ಸುಮ್ನಿರು" ಎನ್ನುತ್ತಾರೆ ಹೊಸ ಟೀಚರ್. ಕಣ್ಣು ಮಾತ್ರ ಹಲಗೆಯ ಮೇಲೇ ಇದೆ.

"ಯಾರಿಗೆ ಹೇಳಿದ್ರಿ ಮಿಸ್, ನಂಗಾ, ಗೋಡೆಗಾ?" ಕೊನೆಯ ಬೆಂಚು ಕೇಳುತ್ತದೆ.

ಹೀಗೆ ಹಠ ಮಾಡುವುದೇ ಈ ಹೆಂಗಸಿನ ಕಸುಬು. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಈಗ ಅವರು ಶಿಕ್ಷಕರಿಗೆ ಮಾರ್ಗದರ್ಶಕಿ. ಹುದ್ದೆಯ ಹೆಸರು ದೊಡ್ಡದು, ಕೂರಲು ಒಂದು ಕುರ್ಚಿಯೂ ಇಲ್ಲ. ಹೊಸಬರು ಬಂದರೆ ಬೆಳಿಗ್ಗೆ ಖಾಲಿ ಕೋಣೆಯಲ್ಲಿ ಅವರಿಂದ ಪಾಠ ಮಾಡಿಸುತ್ತಾರೆ, ತಾವು ಮಕ್ಕಳಾಗುತ್ತಾರೆ. ಶಾಲೆ ಶುರುವಾದ ಮೇಲೆ ದಿನಕ್ಕೆ ಮೂರೋ ನಾಲ್ಕೋ ತರಗತಿಗಳ ಹಿಂದೆ ಹೋಗಿ ಕೂರುತ್ತಾರೆ. ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಅವರನ್ನು ಕೊನೆ ಬೆಂಚಿನ ಅಕ್ಕ ಎನ್ನುತ್ತಾರೆ. ವಾರ್ಷಿಕ ಸಮಾರಂಭದ ದಿನ ವೇದಿಕೆಯ ಮೇಲೆ ಕರೆಯುವವರ ಪಟ್ಟಿಯಲ್ಲಿ ಈ ಅಕ್ಕ ಇರುವುದಿಲ್ಲ. ಇದ್ದರೂ ಹತ್ತುವವರಲ್ಲ ಬಿಡಿ.

ಈ ವಾರ ಅಕ್ಕನಿಗೆ ನಿದ್ದೆ ಇಲ್ಲ. ಶುಕ್ರವಾರ ಮುಖ್ಯೋಪಾಧ್ಯಾಯಿನಿ ಹೊಸ ಟೀಚರ್ ಪಾಠ ನೋಡಲು ಬರುತ್ತಾರೆ. ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲವಾದರೆ ಅಂದೇ ಮನೆಗೆ. ಈ ಏಳನೇ ತರಗತಿ ಮೊದಲೇ ಇಬ್ಬರನ್ನು ಓಡಿಸಿದೆ. ಮೂರನೆಯವರೂ ಹೋದರೆ ಮಕ್ಕಳಿಗೆ ಅದೊಂದು ಆಟವೇ ಆಗಿಬಿಡುತ್ತದೆ ಎಂಬುದು ಅಕ್ಕನ ಭಯ.

"ಈ ಹುಡುಗಿಗೆ ಗಣಿತ ಚೆನ್ನಾಗಿ ಗೊತ್ತು" ಎನ್ನುತ್ತಾರೆ ಅಕ್ಕ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಜೊತೆ ಕಾರಿಡಾರಿನಲ್ಲಿ ನಡೆಯುತ್ತ. "ಮಕ್ಕಳು ಅಂದ್ರೆ ಪ್ರಾಣ. ಆದ್ರೆ ನಿಂತ ತಕ್ಷಣ ಕೈಕಾಲು ತಣ್ಣಗಾಗುತ್ತೆ. ಅವಳ ತಪ್ಪಲ್ಲ. ದಡದಲ್ಲಿ ನಿಲ್ಲಿಸಿ ಈಜು ಕಲಿಸಿ, ನೇರ ಮಡುವಿಗೆ ತಳ್ಳಿದ್ದೀವಿ. ಮುಳುಗಿದ್ರೆ ಯಾರ ತಪ್ಪು ಹೇಳಿ?"

ಅಕ್ಕನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ: "ಬೇರೆಯವರ ಹೆಂಡ್ತೀರು ಮನೇಲಿ ಹಠ ಮಾಡ್ತಾರೆ. ನಮ್ಮವಳು ಸಂಬಳ ತಗೊಂಡು ಮಾಡ್ತಾಳೆ. ಈಗ ಎರಡು ದಿನದಿಂದ ಅವಳಿಗೆ ಊಟ ಮಾತ್ರ ಸರಿಯಾಗಿ ಸೇರ್ತಿಲ್ಲ."

ಬೆಳಗಿನ ಈ ಶಾಲೆಗೆ ಇನ್ನೊಬ್ಬ ವಿದ್ಯಾರ್ಥಿ ಇದ್ದಾರೆ. ಹಿರಿಯ ಗಣಿತದ ಮೇಷ್ಟ್ರು. ಈ ಊರಿನ ಅರ್ಧ ಜನ ಇವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಮೊದಲ ದಿನ ಅವರು ಬಂದದ್ದು ಕನ್ನಡಕ ಇಲ್ಲೇ ಮರೆತು ಹೋಗಿದೆ ಎಂದು. ಕನ್ನಡಕ ಮೂಗಿನ ಮೇಲೇ ಇತ್ತು. ಅಕ್ಕ ಅದನ್ನು ಹೇಳಲಿಲ್ಲ, "ಕೂತ್ಕೊಳ್ಳಿ ಸಾರ್, ನೀವೂ ಒಂದು ಮಗು ಆಗಿ" ಎಂದರು. ಮೇಷ್ಟ್ರು ಗೊಣಗುತ್ತ ಕೂತರು.

ಅಂದು ಹಲಗೆಯ ಮೇಲೆ ಭಿನ್ನರಾಶಿ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು ಎಂದು ಹೊಸ ಟೀಚರ್ ಬರೆದರು. ಮೇಷ್ಟ್ರು ನಿಧಾನವಾಗಿ ಕೈ ಎತ್ತಿದರು. "ಮಿಸ್, ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ? ಇದು ಕಮ್ಮಿ ಯಾಕಾಯ್ತು?" ಹೊಸ ಟೀಚರ್ ತಡವರಿಸಿದರು. ನಿಯಮ ಹೇಳಿದರು, ಉತ್ತರ ಹೇಳಲಿಲ್ಲ. ಮೇಷ್ಟ್ರು ಮಗುವಿನ ಪಾತ್ರ ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದು ನಾನು ಮೆಚ್ಚಿಕೊಂಡೆ.

ಆಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತ ಮೇಷ್ಟ್ರು ಸುತ್ತ ನೋಡಿ, ದನಿ ತಗ್ಗಿಸಿದರು. "ಪಾತ್ರ ಅಲ್ಲ ಸ್ವಾಮಿ. ನನಗೇ ಹೇಳೋಕೆ ಬರಲ್ಲ. ಇಷ್ಟು ವರ್ಷ 'ನಿಯಮ ಇದೆ, ಬರ್ಕೊಳ್ಳಿ' ಅಂತ ಕಳೆದೆ. ಈಗಿನ ಪುಸ್ತಕದಲ್ಲಿ ಯಾಕೆ ಅಂತ ವಿವರಿಸಬೇಕಂತೆ. ಈ ವಯಸ್ಸಲ್ಲಿ ಯಾರನ್ನ ಹೋಗಿ ಕೇಳ್ಲಿ? ಇಲ್ಲಿ ಕೇಳಿದ್ರೆ ಮಗು ಕೇಳ್ತು ಅಂತ ಆಗುತ್ತೆ."

ಅಕ್ಕನಿಗೆ ಇದು ಮೊದಲೇ ಗೊತ್ತಿತ್ತಂತೆ. "ಹೊಸಬರಿಗೆ ಮಕ್ಕಳ ಭಯ, ಹಳಬರಿಗೆ ಮರ್ಯಾದೆ ಭಯ" ಎಂದು ನಗುತ್ತಾರೆ. "ಎರಡಕ್ಕೂ ಈ ಬೆಂಚೇ ಮದ್ದು." ಮರುದಿನ ಹೊಸ ಟೀಚರ್ ಕಾಗದದ ಹಾಳೆಗಳನ್ನು ತಂದಿದ್ದರು. ಮಡಿಸಿ ಅರ್ಧ ಮಾಡಿದರು, ಆ ಅರ್ಧವನ್ನು ಮತ್ತೆ ಮಡಿಸಿದರು, ಬಿಚ್ಚಿ ತೋರಿಸಿದರು. ಮೇಷ್ಟ್ರು ಆ ಹಾಳೆಯನ್ನು ಜೇಬಿಗಿಟ್ಟುಕೊಂಡು ಹೋದರು.

ಮಕ್ಕಳ ಎದುರು ನಿಜವಾದ ಪಾಠ ನಡೆಯುವಾಗ ಅಕ್ಕ ಬಾಯಿ ತೆರೆಯುವುದಿಲ್ಲ. ಇದು ಅವರ ವ್ರತ. ಹಿಂದೊಮ್ಮೆ ಒಬ್ಬ ಹೊಸ ಮೇಷ್ಟ್ರು ಹಲಗೆಯ ಮೇಲೆ ತಪ್ಪು ಬರೆದಾಗ ಅಕ್ಕ ಹಿಂದಿನಿಂದಲೇ ತಿದ್ದಿದರು. ಒಳ್ಳೆಯದಕ್ಕೇ ತಿದ್ದಿದ್ದು. ಅಂದಿನಿಂದ ಮಕ್ಕಳು ಆ ಮೇಷ್ಟ್ರ ಪ್ರತಿ ಮಾತಿಗೂ ಹಿಂದೆ ತಿರುಗಿ ಅಕ್ಕನ ಮುಖ ನೋಡತೊಡಗಿದರು. ಆತ ವರ್ಷ ಮುಗಿಸಲಿಲ್ಲ. "ಸಾಯೋವರೆಗೂ ಮರೆಯಲ್ಲ" ಎನ್ನುತ್ತಾರೆ ಅಕ್ಕ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಶುಕ್ರವಾರ ಬರುತ್ತದೆ. ಕೋಣೆಯ ಹಿಂಭಾಗದಲ್ಲಿ ನಾಲ್ಕು ಜನ: ಮುಖ್ಯೋಪಾಧ್ಯಾಯಿನಿ, ವಿಷಯದ ಹಿರಿಯರೆಂದು ಗಣಿತದ ಮೇಷ್ಟ್ರು, ಅಕ್ಕ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನಾನು. ಹೊಸ ಟೀಚರ್ ಒಳಗೆ ಬರುತ್ತಾರೆ. ಮಕ್ಕಳು ಎದ್ದು ನಿಲ್ಲುತ್ತಾರೆ, ಕೂರುತ್ತಾರೆ. ಆಮೇಲೆ ಸದ್ದೇ ಇಲ್ಲ.

ಪಾಠ ಶುರುವಾಗುತ್ತದೆ, ಹಲಗೆಯ ಮೇಲೆ ಅದೇ ಅರ್ಧದ ಅರ್ಧ. ಡೆಸ್ಕು ಬಡಿಯುವವರಿಲ್ಲ, ರಬ್ಬರಿನ ದೂರಿಲ್ಲ. ಹಿಂದೆ ದೊಡ್ಡವರು ಕೂತಿದ್ದಾರೆಂದು ಏಳನೇ ತರಗತಿ ಪೂರ್ತಿ ಗೊಂಬೆಗಳಂತೆ ಕೂತಿದೆ. ಹೊಸ ಟೀಚರ್ ಪ್ರಶ್ನೆ ಕೇಳಿದರೆ ತಲೆಗಳು ಬಗ್ಗುತ್ತವೆ. "ಅರ್ಥ ಆಯ್ತಾ?" ಎಂದರೆ ಕೋಲೆ ಬಸವನ ಹಾಗೆ ಎಲ್ಲ ತಲೆಗಳೂ ಆಡುತ್ತವೆ. ಆಕೆಯ ಕಣ್ಣು ಕೋಣೆಯ ತುಂಬ ಅಲೆದು ಕೊನೆಯ ಬೆಂಚಿಗೆ ಬಂದು ನಿಲ್ಲುತ್ತದೆ.

ಅಕ್ಕನ ಮುಖದ ಬಣ್ಣ ಇಳಿಯುವುದು ಆಗಲೇ. ಇಷ್ಟು ದಿನ ಗಲಾಟೆಯೊಂದಕ್ಕೇ ತಯಾರಿ ಮಾಡಿಸಿದ್ದಾರೆ. ಮಕ್ಕಳು ಸುಮ್ಮನೆ ಕೂತರೆ ಏನು ಮಾಡಬೇಕೆಂದು ಒಂದು ದಿನವೂ ಹೇಳಿಕೊಟ್ಟಿಲ್ಲ, ಏಕೆಂದರೆ ಸುಮ್ಮನೆ ಕೂರುವುದು ಅವರ ಪಾತ್ರದಲ್ಲೇ ಇರಲಿಲ್ಲ. ಎರಡೂ ಕೈಯಲ್ಲಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಒಂದು ಪ್ರಶ್ನೆ ಸಾಕು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕೇಳಿದರೆ ಪಾಠ ಅವರದಾಗುತ್ತದೆ, ಹುಡುಗಿಯದಲ್ಲ. ಕೇಳದಿದ್ದರೆ ಹುಡುಗಿ ನಾಳೆ ಬರುವುದಿಲ್ಲ. ಮುಖ್ಯೋಪಾಧ್ಯಾಯಿನಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

"ಮಿಸ್."

ಎಲ್ಲ ತಲೆಗಳೂ ತಿರುಗುತ್ತವೆ. ಗಣಿತದ ಮೇಷ್ಟ್ರು ಕೈ ಎತ್ತಿದ್ದಾರೆ. ಮಕ್ಕಳ ಹಾಗೆ, ಮೊಣಕೈ ಡೆಸ್ಕಿಗೆ ಊರಿ.

"ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ ಮಿಸ್? ಇದು ಕಮ್ಮಿ ಯಾಕಾಯ್ತು? ನನಗೆ ತುಂಬ ವರ್ಷದಿಂದ ಇದು ಅರ್ಥ ಆಗಿರ್ಲಿಲ್ಲ."

ಮುಖ್ಯೋಪಾಧ್ಯಾಯಿನಿ ಪೆನ್ನು ಹಿಡಿದುಕೊಂಡೇ ಅವರನ್ನು ನೋಡುತ್ತಾರೆ. ಮೇಷ್ಟ್ರ ಕಿವಿ ಕೆಂಪಾಗಿದೆ, ಕೈ ಮಾತ್ರ ಇಳಿದಿಲ್ಲ. ಎರಡನೇ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ, "ನಂಗೂ ಅರ್ಥ ಆಗಿಲ್ಲ ಮಿಸ್" ಎನ್ನುತ್ತಾಳೆ. ಅವಳ ಹಿಂದಿನವನು, "ನಂಗೂ" ಎನ್ನುತ್ತಾನೆ. ಆಮೇಲೆ ಯಾರ ದನಿ ಯಾವುದೆಂದು ಗೊತ್ತಾಗುವುದಿಲ್ಲ.

ಹೊಸ ಟೀಚರ್ ಮುಖಕ್ಕೆ ಜೀವ ಬರುತ್ತದೆ. ಗಲಾಟೆ ಈಗ ಅವರಿಗೆ ತವರು ಮನೆ ಇದ್ದ ಹಾಗೆ. ಹಾಳೆಗಳನ್ನು ಹಂಚಿ, "ನಾನು ಹೇಳಲ್ಲ. ನೀವೇ ಮಡಿಸಿ ಸಾರ್‌ಗೆ ಹೇಳಿ" ಎನ್ನುತ್ತಾರೆ. ಕೋಣೆಯ ತುಂಬ ಕಾಗದದ ಸದ್ದು. ಕಿಟಕಿ ಪಕ್ಕದ ಹುಡುಗನೊಬ್ಬ ಹಾಳೆ ಹಿಡಿದು ಮೇಷ್ಟ್ರ ಹತ್ತಿರವೇ ಬರುತ್ತಾನೆ. "ಎರಡು ಸಲ ತಗೊಂಡ್ರೆ ಜಾಸ್ತಿ ಆಗುತ್ತೆ ಸಾರ್. ಅರ್ಧ ಸಲ ತಗೊಂಡ್ರೆ ಕಮ್ಮಿ ಆಗ್ದೆ ಇನ್ನೇನಾಗುತ್ತೆ?"

"ಹೌದಲ್ಲೋ" ಎನ್ನುತ್ತಾರೆ ಮೇಷ್ಟ್ರು. ಈ ಮಾತು ಕಾಗದ ಮಡಿಸುವ ಪಾಠದಲ್ಲೂ ಇರಲಿಲ್ಲ. ಅವರ ಮುಖ ನೋಡಿದರೆ ನಟನೆಯಲ್ಲ ಎಂದು ನನಗೆ ತಿಳಿಯುತ್ತದೆ.

ಗಂಟೆ ಹೊಡೆದ ಮೇಲೆ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು, ಹೊಸ ಟೀಚರ್‌ಗೆ, "ಮುಂದಿನ ವಾರದ ಪಾಠ ಯಾವುದು, ಯೋಚನೆ ಮಾಡಿಟ್ಕೊಳ್ಳಿ" ಎಂದಷ್ಟೇ ಹೇಳಿ ಹೋಗುತ್ತಾರೆ. ಅದರ ಅರ್ಥ ಹೊಳೆಯಲು ಹುಡುಗಿಗೆ ಒಂದು ಕ್ಷಣ ಬೇಕಾಗುತ್ತದೆ. ಅಕ್ಕ ಬೆಂಚಿನಿಂದ ಏಳುವುದೇ ಇಲ್ಲ.

ಸೋಮವಾರ ಬೆಳಿಗ್ಗೆ ವಿದಾಯ ಹೇಳಲು ಹೋಗುತ್ತೇನೆ. ದೀಪ ಹತ್ತಿದೆ, ಪಾಠ ಇನ್ನೂ ಶುರುವಾಗಿಲ್ಲ, ಗಲಾಟೆ ಎಂದಿಗಿಂತ ಜೋರಾಗಿದೆ. ಕೊನೆಯ ಬೆಂಚಿನಲ್ಲಿ ಗಣಿತದ ಮೇಷ್ಟ್ರು, ಹೊಸ ಟೀಚರ್, ಅವರ ಪಕ್ಕ ಇತಿಹಾಸದ ಹಿರಿಯ ಮೇಡಂ, ಭಾಷೆಯ ಮೇಷ್ಟ್ರು ಒತ್ತಿಕೊಂಡು ಕೂತಿದ್ದಾರೆ. ಹೊಸದಾಗಿ ಸೇರಿದ ಈ ಇಬ್ಬರೂ ಕನ್ನಡಕ ಇಲ್ಲಿ ಮರೆತಿದ್ದೇವೆ ಎಂದೇ ಬಂದವರಂತೆ. ಅಕ್ಕ ಮಾತ್ರ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಾರೆ. ಮಕ್ಕಳು ಬಾಯೇ ಬಿಡದ ತರಗತಿಗೆ ಪಾಠ ಮಾಡುವುದು ಹೇಗೆಂದು ಇವತ್ತು ಅವರೇ ಕಲಿಯಬೇಕಂತೆ.

ನಿಮಗೇನಾದರೂ ಬೇಕಿತ್ತಾ, ಶಾಲೆಯಿಂದ, ಸರ್ಕಾರದಿಂದ ಎಂದು ಕೇಳುತ್ತೇನೆ. ಅಕ್ಕ ಹಿಂದಿನ ಸಾಲಿನ ಕಡೆ ನೋಡಿ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾರೆ.

"ಕೊನೇಲಿ ಇನ್ನೊಂದು ಬೆಂಚು ಹಾಕ್ಸಿ ಕೊಡಿ ಸಾಕು. ನನಗೇ ಕೂರೋಕೆ ಜಾಗ ಇಲ್ಲ."