ಕಾಗದಕ್ಕೆ ಹೆಪ್ಪು ಹಾಕುವ ಅಕ್ಕ

೨೦೨೫ರ ಫೆಬ್ರುವರಿ ೧೧, ಮಂಗಳವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ಕಾಗದ ಕಾರ್ಖಾನೆಯ ಹಿಂಬದಿಯ ಷೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಎದೆಮಟ್ಟದ ಸಿಮೆಂಟು ತೊಟ್ಟಿಯ ಮೇಲೆ ಬಾಗಿ, ಹೆಪ್ಪಕ್ಕ ದಾರ ಕಟ್ಟಿದ ಥರ್ಮಾಮೀಟರನ್ನು ಇಳಿಬಿಟ್ಟಿದ್ದಾರೆ. ಹಳೆಯ ಪತ್ರಿಕೆ, ಹರಿದ ರಟ್ಟು, ಯಾರೋ ಬರೆದು ಮುದುರಿ ಎಸೆದ ಹಾಳೆ, ಎಲ್ಲವೂ ನೆನೆದು ಅರೆದು ಬೂದು ಗಂಜಿಯಂಥ ತಿರುಳಾಗಿ ತೊಟ್ಟಿಯೊಳಗೆ ಮೆಲ್ಲಗೆ ಸುತ್ತುತ್ತಿವೆ.

ಥರ್ಮಾಮೀಟರು ಐವತ್ತು ಡಿಗ್ರಿ ತೋರಿಸುತ್ತದೆ. ಹೆಪ್ಪಕ್ಕ ಕಂದು ಬಣ್ಣದ ದ್ರವವನ್ನು ಅಳೆದು, ಒಂದೇ ಒಂದು ಲೋಟದಷ್ಟನ್ನು, ತೊಟ್ಟಿಯ ಅಂಚಿನುದ್ದಕ್ಕೂ ಸುರಿಯುತ್ತಾರೆ.

"ಹೋಗ್ರಪ್ಪಾ, ನೆಟ್ಟಗೆ ಕೆಲಸ ಮಾಡಿ. ಇವತ್ತಾದ್ರೂ ನನ್ನ ಮಾನ ಉಳಿಸಿ."

ಅವರು ಬೇಡಿಕೊಳ್ಳುತ್ತಿರುವುದು ಆ ದ್ರವದಲ್ಲಿರುವ ಕಿಣ್ವವನ್ನು. ಇನ್ನು ಎರಡು ಗಂಟೆ ಕಾಯಬೇಕು. ಆ ಎರಡು ಗಂಟೆಯಲ್ಲಿ ತೊಟ್ಟಿಯಲ್ಲಿ ಒಂದು ಗುಳ್ಳೆಯೂ ಏಳುವುದಿಲ್ಲ, ಬಣ್ಣ ಬದಲಾಗುವುದಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಆದರೂ ಅಲ್ಲಿ ನಡೆಯುವುದನ್ನು ತಿಳಿದವರು ತೊಟ್ಟಿಯ ಪಕ್ಕ ಧ್ವನಿ ತಗ್ಗಿಸಿ ಮಾತಾಡುತ್ತಾರೆ.

ಕಾಗದ ಕರಗಿ ಮತ್ತೆ ಕಾಗದವಾದ ಪ್ರತಿ ಸಲವೂ ಅದರ ನಾರು ಬಿರುಸಾಗುತ್ತದೆ. ಪಕ್ಕದ ನಾರನ್ನು ಬಿಗಿಯಾಗಿ ಹಿಡಿಯಲಾರದು. ಅದಕ್ಕೇ ಮರುಬಳಕೆಯ ಹಾಳೆ ಬೇಗ ಹರಿಯುವುದು. ಗಿಡದಲ್ಲಿ ನಾರಿಗೆ ನಾರು ಬೆಸೆಯುವ ಕೆಲಸದಲ್ಲಿ ಹೆಮಿಸೆಲ್ಯುಲೋಸ್ ಎಂಬ ವಸ್ತುವಿನ ಪಾಲೂ ಇದೆ. ಈ ಕಾರ್ಖಾನೆಯಲ್ಲಿ ಅದನ್ನು ತೆಗೆಯುವುದು ಕಾಳು ಬಿಡಿಸಿ ಎಸೆದ ಮೆಕ್ಕೆಜೋಳದ ದಿಂಡಿನಿಂದ. ದಿಂಡನ್ನು ಕ್ಷಾರದಲ್ಲಿ ಬೇಯಿಸಿ ಸೋಸಿದರೆ ಹಳದಿ ರಸ. ಕ್ಷಾರ ತಗ್ಗಿಸಿ ಅದನ್ನು ತಿರುಳಿಗೆ ಬೆರೆಸುತ್ತಾರೆ. ಆದರೆ ಹೆಮಿಸೆಲ್ಯುಲೋಸಿನ ಎಳೆಗೆ ಸಣ್ಣ ಸಣ್ಣ ಕವಲುಗಳು. ಕವಲಿರುವತನಕ ಅದು ನೀರನ್ನು ಬಿಟ್ಟು ಬರಲೊಲ್ಲದು. ಕಿಣ್ವ ಆ ಕವಲುಗಳನ್ನು ಒಂದೊಂದಾಗಿ ಸವರುತ್ತದೆ. ಬೋಳಾದ ಎಳೆ ಹೋಗಿ ನಾರಿನ ಮೈಗೆ ಅಂಟಿ ಕೂರುತ್ತದೆ, ಹಾಳೆ ಒಣಗುವಾಗ ನಾರಿಗೆ ನಾರು ಬೆಸೆಯುತ್ತದೆ. ಕೊನೆಗೆ ತೊಟ್ಟಿಗೆ ಹಬೆ ಬಿಟ್ಟು ಬಿಸಿ ಏರಿಸಿದರೆ ಕಿಣ್ವದ ಆಟ ಮುಗಿಯಿತು.

ಕಾರ್ಖಾನೆಯಲ್ಲಿ ಇದಕ್ಕೆ 'ಹೆಪ್ಪು' ಎಂದು ಹೆಸರಿಟ್ಟವರು ಲ್ಯಾಬ್ ಮೇಡಂ. ಬೆಚ್ಚಗಿರುವಾಗ ಚೂರು ಹಾಕಬೇಕು, ತಾಳ್ಮೆಯಿಂದ ಕಾಯಬೇಕು ಎಂದು ಮೊದಲ ದಿನ ವಿವರಿಸುವಾಗ ಬಾಯಿಗೆ ಬಂದ ಮಾತು. ಆವತ್ತಿನಿಂದ ತೊಟ್ಟಿ ನೋಡಿಕೊಳ್ಳುವವರು ಹೆಪ್ಪಕ್ಕನಾದರು. ಹೋದ ವಾರ ಕೆಲಸ ಕೆಡಿಸಿದ್ದೂ ಅದೇ ಮಾತು.

ಕಿಣ್ವದ ಹೊಸ ಕ್ಯಾನು ಬರುವುದು ತಡವಾಗಿತ್ತು, ಹಳೆಯದರ ತಳ ಕಾಣುತ್ತಿತ್ತು. ಹೆಪ್ಪಕ್ಕ ಮನೆಯಲ್ಲಿ ಮಾಡುವುದನ್ನೇ ಇಲ್ಲೂ ಮಾಡಿದರು. ಒಂದು ದಿನದ ತೊಟ್ಟಿಯಿಂದ ಒಂದು ಬಕೆಟ್ ತಿರುಳು ಎತ್ತಿಟ್ಟು, ಮಾರನೆಯ ದಿನ ಹೊಸ ತಿರುಳಿಗೆ ಬೆರೆಸಿದರು. ಹಬೆಗೆ ಸಿಕ್ಕ ಕಿಣ್ವ ಏಳಲಿಲ್ಲ. ಹೆಮಿಸೆಲ್ಯುಲೋಸ್ ನೀರಿನ ಜತೆಗೇ ಜಾಲರಿಯಿಂದ ಕೆಳಗಿಳಿದು ಚರಂಡಿ ಸೇರಿತು.

"ಹೆಪ್ಪು ಎಷ್ಟು ಹಾಕಿದ್ರಿ?" ಎಂದು ಲ್ಯಾಬ್ ಮೇಡಂ ಕೇಳಿದರಂತೆ.

"ನಿನ್ನೇದೇ ಇತ್ತಲ್ಲ ಮೇಡಂ, ಒಂದು ಬಕೆಟ್ ಎತ್ತಿಟ್ಟಿದ್ದೆ."

ಮೇಡಂ ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಅಂದರು: "ಅಕ್ಕಾ, ಹೆಪ್ಪು ಬೆಳೆಯುತ್ತೆ. ಇದು ಬೆಳೆಯಲ್ಲ, ಇದಕ್ಕೆ ಜೀವ ಇಲ್ಲ. ಇದು ಕತ್ತರಿ. ಹೆಪ್ಪು ಅಂತ ಬಾಯಿಬಿಟ್ಟಿದ್ದು ನನ್ನದೇ ತಪ್ಪು."

ಆ ದಿನದ ಹಾಳೆ ಯಂತ್ರದ ನಡುವೆಯೇ ಹರಿಯಿತು. ಅದರ ತುದಿಯನ್ನು ಹಿಡಿದು ಬಿಸಿ ರೋಲುಗಳ ನಡುವೆ ಮತ್ತೆ ಪೋಣಿಸಹೋದವರು ರೋಲಣ್ಣ. ಎಡಗೈ ಮುಂಗೈ ಸುಟ್ಟಿತು. ರೋಲಣ್ಣ ಬೇರೆ ಯಾರೂ ಅಲ್ಲ, ಹೆಪ್ಪಕ್ಕನ ಗಂಡ. ಯಂತ್ರದ ಹಸಿ ತುದಿಯಲ್ಲಿ ಹೆಂಡತಿ, ಒಣ ತುದಿಯಲ್ಲಿ ಗಂಡ.

ಏಳೂಕಾಲಿಗೆ ರೋಲಣ್ಣ ಕೈಗೆ ಬಟ್ಟೆ ಸುತ್ತಿಕೊಂಡೇ ತೊಟ್ಟಿಯತ್ತ ಬರುತ್ತಾರೆ. "ಏನಮ್ಮಾ, ಇವತ್ತು ಅಡುಗೆ ಹದವಾಗಿದೆಯಾ?"

"ಉಣ್ಣೋರು ನೀವು. ನೀವೇ ಹೇಳ್ಬೇಕು."

"ಕೆಟ್ಟಿದ್ರೂ ಚಿಂತೆ ಇಲ್ಲ ಬಿಡು. ಇನ್ನೊಂದು ಕೈ ಇದೆಯಲ್ಲ."

ಹೆಪ್ಪಕ್ಕ ನಗುವುದಿಲ್ಲ. ಆ ಬಟ್ಟೆಯ ಗಂಟು ಸಡಿಲವಾಗಿದೆ ಎಂದು ಬಿಚ್ಚಿ, ಮತ್ತೆ ಕಟ್ಟಿ, ಗಂಡನನ್ನು ಯಂತ್ರದ ಕಡೆಗೆ ತಳ್ಳುತ್ತಾರೆ.

ಇವತ್ತಿನ ಹಾಳೆಗೆ ಅಷ್ಟು ತೂಕವಿದೆ. ಪೊಟ್ಟಣ ಕಟ್ಟುವ ಕಾಗದ ಬಿಟ್ಟರೆ ಬೇರೇನೂ ಮಾಡದ ಕಾರ್ಖಾನೆ ಇದು. ಹದಿನೈದು ಮಿಲಿಮೀಟರ್ ಅಗಲದ ಪಟ್ಟಿ ನಾಲ್ಕು ಕಿಲೋ ಎಳೆತ ತಾಳಿದರೆ ನೋಟ್‌ಪುಸ್ತಕದ ಹಾಳೆ ಮಾಡಬಹುದು. ತಾಳದಿದ್ದರೆ ಈ ತೊಟ್ಟಿ ಮುಚ್ಚುವುದಾಗಿ ಮಾಲೀಕರು ಹೇಳಿಬಿಟ್ಟಿದ್ದಾರೆ. ಮುಚ್ಚಿದರೆ ಹೆಪ್ಪಕ್ಕ ರದ್ದಿ ಆರಿಸುವ ಕೋಣೆಗೆ ವಾಪಸ್ಸು ಹೋಗಬೇಕು. ಅಲ್ಲಿನ ದೂಳು ಕೊಟ್ಟ ಕೆಮ್ಮು ತೊಟ್ಟಿಗೆ ಬಂದಮೇಲೂ ಪೂರಾ ಬಿಟ್ಟಿಲ್ಲ.

ತಿರುಳು ಜಾಲರಿಯ ಮೇಲೆ ಹರಡುತ್ತದೆ. ನೀರು ಇಳಿಯುತ್ತದೆ. ಒದ್ದೆ ಹಾಳೆ ಮೊದಲ ರೋಲು ಏರುತ್ತದೆ, ಎರಡನೆಯದು, ಮೂರನೆಯದು. ಹೋದ ವಾರ ಹರಿದದ್ದು ನಾಲ್ಕನೆಯದರ ಬಳಿ. ಹೆಪ್ಪಕ್ಕ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಾರೆ. ಹಾಳೆ ಅದನ್ನೂ ದಾಟಿ ಹೋಗುತ್ತದೆ, ಅಲ್ಲಿ ಏನೂ ನಡೆದೇ ಇರಲಿಲ್ಲವೆಂಬಂತೆ. ದೂರದ ತುದಿಯಲ್ಲಿ ರೋಲಣ್ಣ ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಬೀಸುತ್ತಾರೆ.

"ಇನ್ನು ಕತ್ತರಿ ಅಕ್ಕ ಅನ್ಬೇಕು ನಿಮ್ಮನ್ನ" ಎಂದು ಲ್ಯಾಬ್ ಮೇಡಂ ಚುಡಾಯಿಸುತ್ತಾರೆ.

"ಅಯ್ಯೋ, ಹಾಗಂತ ಕೂಗಿದ್ರೆ ಯಾರು ಓಗೊಡ್ತಾರೆ ಮೇಡಂ? ಹೆಪ್ಪಕ್ಕ ಅಂದ್ರೇನೇ ಕಿವಿ ನಿಮಿರೋದು."

ಲ್ಯಾಬಿನ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತ ಹೆಪ್ಪಕ್ಕನನ್ನು, ನಿಮಗೇನು ಆಸೆ ಎಂದು ಕೇಳಿದರೆ, ಒಳಗಿನ ಎಳೆತ ಅಳೆಯುವ ಯಂತ್ರದಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಯಾವುದೋ ಮಗು ನಮ್ಮ ಹಾಳೆ ಮೇಲೆ ಲೆಕ್ಕ ತಪ್ಪು ಮಾಡ್ಬೇಕು. ರಬ್ಬರ್ ತಗೊಂಡು ಗಸಗಸ ಉಜ್ಜಬೇಕು. ಮತ್ತೆ ತಪ್ಪು ಮಾಡಿ ಮತ್ತೆ ಉಜ್ಜಬೇಕು. ಹಾಳೆ ಹರೀಬಾರ್ದು. ಅಷ್ಟೇ."

ಒಳಗೆ ಲ್ಯಾಬ್ ಮೇಡಂ ಪಟ್ಟಿಯ ಎರಡೂ ತುದಿಯನ್ನು ಹಿಡಿಕೆಗೆ ಸಿಕ್ಕಿಸಿ ಯಂತ್ರ ಚಾಲೂ ಮಾಡುತ್ತಾರೆ. ಮುಳ್ಳು ಮೂರು ಕಿಲೋ ದಾಟುತ್ತದೆ, ಮೂರೂವರೆ ದಾಟುತ್ತದೆ. ಪಟ್ಟಿ ಚಟ್ಟನೆ ಹರಿಯುತ್ತದೆ.

ಮುಳ್ಳು ನಿಂತದ್ದು ನಾಲ್ಕು ಕಿಲೋ ನೂರ ಮೂವತ್ತು ಗ್ರಾಮಿನಲ್ಲಿ.