ಮುಚ್ಚಬಾರದ ತೂತು

ಒಲೆಯಕ್ಕನ ಅಂಗಡಿ ಅಂದರೆ ಅವಳ ಮನೆಯ ಮುಂದಿನ ಕೋಣೆ. ಬಾಗಿಲು ತೆಗೆದರೆ ಬೀದಿ, ಹಿಂದಕ್ಕೆ ತಿರುಗಿದರೆ ಅಡುಗೆಮನೆ. ಕೆಟ್ಟುಹೋದ ಗ್ಯಾಸ್ ಒಲೆಗಳು ಗೋಡೆಗುಂಟ ಒಂದರ ಮೇಲೊಂದು ಕೂತು ಸರದಿ ಕಾಯುತ್ತಿದ್ದವು. ಒಲೆಯ ರೋಗ ಕಂಡುಹಿಡಿಯಲು ಅವಳು ಮೊದಲಿಗೇ ಬಿಚ್ಚುತ್ತಿರಲಿಲ್ಲ. ಹಚ್ಚಿ, ತಲೆ ಓರೆ ಮಾಡಿ, ಉರಿಯ ಸದ್ದು ಕೇಳುತ್ತಿದ್ದಳು. ಉರಿಯ ತುದಿಯಲ್ಲಿ ಒಂದಿಷ್ಟು ಹಳದಿ ಕಂಡರೂ ಆ ಒಲೆ ಅವತ್ತು ವಾಪಸು ಹೋಗುವಂತಿಲ್ಲ. ಗಿರಾಕಿ ಅವಸರ ಮಾಡಿದರೆ, ಹಸಿವಾಗಿದ್ದರೆ ಇಲ್ಲೇ ಕೂತು ಉಣ್ಣಿ, ಒಲೆ ಮಾತ್ರ ನಾಳೆಗೇ ಅನ್ನುತ್ತಿದ್ದಳು. ಕೆಲವರು ನಿಜವಾಗಿಯೂ ಕೂತು ಉಂಡು ಹೋಗಿದ್ದಾರೆ.

ಅವಳ ಗಂಡ ದೋಣಿ ರಿಪೇರಿಯ ಮೇಸ್ತ್ರಿ. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲೆ ಪುಟ್ಟಿ ಬಳಿದು, ನೀರು ಒಳಗೆ ಬಾರದಂತೆ ಮಾಡುವುದರಲ್ಲೇ ಅವನ ತಲೆ ನೆರೆತಿತ್ತು. ದೋಣಿಗಳನ್ನು ದಡಕ್ಕೆತ್ತಿ ರಿಪೇರಿ ಮಾಡುವ ಅಂಗಳದಲ್ಲಿ ಅವನನ್ನು ಎಲ್ಲರೂ ಮುಚ್ಚಳ ಅಂತಲೇ ಕರೆಯುತ್ತಿದ್ದರು, ಅವನಿಗೂ ಅದರಿಂದ ಬೇಜಾರಿರಲಿಲ್ಲ. ತೂತು ಕಂಡರೆ ಸಾಕು, ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯ ಗೋಡೆಯಿಂದ ಮೊಳೆ ಕಿತ್ತರೆ ಸಂಜೆಯೊಳಗೆ ಅದರ ಗುರುತೂ ಇರುತ್ತಿರಲಿಲ್ಲ. ಮೊಳೆ ಮತ್ತೆ ಹೊಡೆಯಬೇಕಾದಾಗ ಅವಳು ಜಾಗ ಹುಡುಕಬೇಕಾಗುತ್ತಿತ್ತು.

ಇಂಥ ಇಬ್ಬರು ಸೇರಿ ಒಂದು ಹಾಯಿದೋಣಿ ಹತ್ತುವ ಮನಸ್ಸು ಮಾಡಿದರು. ಯಾರೋ ಅಂಗಳದಲ್ಲಿ ಬಿಟ್ಟುಹೋಗಿದ್ದ ಮರದ ದೋಣಿ ಅದು. ಮೇಸ್ತ್ರಿ ಬಿಡುವಾದಾಗಲೆಲ್ಲ ಅದರ ಹಲಗೆ ಬದಲಿಸಿ, ಹಾಯಿಕಂಬ ನಿಲ್ಲಿಸಿ, ಒಳಗೆ ಮಂಚ ಕೂರಿಸಿ ಹೊಸದೇ ಮಾಡಿಬಿಟ್ಟಿದ್ದ. ಇನ್ನು ಕೆಲಸ ಸಾಕು, ಗಾಳಿ ಕರೆದುಕೊಂಡು ಹೋದ ದಡಕ್ಕೆಲ್ಲ ಹೋಗೋಣ, ಬೇಸರವಾದ ದಿನ ವಾಪಸು ಬರೋಣ ಅಂತ ಅವನ ಆಸೆ. ಒಲೆಯಕ್ಕ ಒಪ್ಪಿದಳು. ಆದರೆ ಸೀಮೆಎಣ್ಣೆ ಹೊಗೆಯಲ್ಲಿ ತಾನು ಅಡುಗೆ ಮಾಡುವವಳಲ್ಲ, ದೋಣಿಗೆ ಪ್ರೊಪೇನ್ ಗ್ಯಾಸೇ ಬೇಕು, ಅದನ್ನು ಕೂರಿಸುವುದೂ ತಾನೇ ಎಂದಳು.

ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಸಿಲಿಂಡರು ದೋಣಿಯ ಹಿಂಬದಿಯಲ್ಲಿ, ಅದಕ್ಕೇ ಅಂತ ಮಾಡಿದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಮುಚ್ಚಳ ಮೇಲಕ್ಕೆ ತೆರೆಯಬೇಕು, ದೋಣಿಯ ಒಳಗಿನ ಕಡೆಗೆ ಉಸಿರೂ ಹೋಗದಷ್ಟು ಭದ್ರ. ಪೆಟ್ಟಿಗೆಯ ತಳದಿಂದ ದೋಣಿಯ ಮೈಯೊಳಗೆ ಹಾಯ್ದು ಹೊರಗೆ ಒಂದು ತೂತು, ನೀರಿನ ಮಟ್ಟಕ್ಕಿಂತ ಮೇಲೆ. ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ ಮೇಸ್ತ್ರಿ ಕೊನೆಯ ಮಾತಿಗೆ ಟೀ ಲೋಟ ಕೆಳಗಿಟ್ಟ.

"ನನ್ನ ದೋಣಿಗೆ ನಾನೇ ತೂತು ಕೊರೀಬೇಕಾ?" ಎಂದ.

ಕೊರೆಯಲೇಬೇಕು ಎಂದಳು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ಎಲ್ಲಕ್ಕಿಂತ ತಗ್ಗಾದ ಜಾಗಕ್ಕೆ ಹರಿದು ಕೂರುತ್ತೆ. ಮನೆಯಲ್ಲಾದರೆ ಬಾಗಿಲು ತೆಗೆದರೆ ಹೊಸ್ತಿಲು ದಾಟಿ ಹೋಗುತ್ತೆ, ದೋಣಿಗೆ ಹೊಸ್ತಿಲೆಲ್ಲಿ? ತಗ್ಗಾದ ಜಾಗ ಅಂದರೆ ಅವರ ಮಂಚದ ಕೆಳಗೇ. ಯಾರೋ ಕಡ್ಡಿ ಗೀರುವ ತನಕ ಅದು ಅಲ್ಲೇ ಇರುತ್ತೆ. ಸೋರದ ಹಾಗೆ ನಾನು ಭದ್ರ ಮಾಡ್ತೀನಿ ಅಂದ ಅವನು. ತನ್ನ ಅಂಗಡಿಗೆ ಬರುವ ಒಲೆಗಳೆಲ್ಲ ಯಾರೋ ಒಬ್ಬರು ಭದ್ರ ಮಾಡಿದ್ದವೇ ಅಂದಳು ಇವಳು. ಹಾಗಾದರೆ ಸಿಲಿಂಡರನ್ನು ಬಯಲಲ್ಲೇ ಕಟ್ಟಿಬಿಡೋಣ ಅಂದ. ಮರುಕ್ಷಣ, ಅಷ್ಟು ಚಿಕ್ಕ ದೋಣಿಯಲ್ಲಿ ಮೊದಲ ಗಾಳಿಗೇ ಹಾಯಿಯ ಹಗ್ಗ ಅದಕ್ಕೆ ಸುತ್ತಿಕೊಳ್ಳುತ್ತೆ ಅಂತ ತಾನೇ ತಲೆ ಕೆರೆದುಕೊಂಡ. ಆದರೂ ಪಟ್ಟು ಬಿಡಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಪಾತ್ರೆಗಳ ಸದ್ದೇ ಜಾಸ್ತಿ, ಮಾತು ಕಡಿಮೆ.

ಕೊನೆಗೆ ಒಂದು ಬೆಳಿಗ್ಗೆ ಅವಳು ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಅಂಗಳಕ್ಕೇ ಹೋದಳು. ಆಸರೆಗಳ ಮೇಲೆ ನಿಂತಿದ್ದ ದೋಣಿಗೆ ಏಣಿ ಹತ್ತಿ, ಗಂಡನ ಕಣ್ಣೆದುರಿಗೇ ಹೊಸ ಪೆಟ್ಟಿಗೆಯೊಳಗೆ ಅಷ್ಟನ್ನೂ ಸುರಿದಳು.

"ಇದು ಗ್ಯಾಸು ಅಂದ್ಕೊಳ್ಳಿ. ಈಗ ಹೊರಗೆ ಹಾಕಿ, ನೋಡೋಣ."

ಅವನ ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ಗ್ಯಾಸು ಮೊಗೆಯುವ ಚೊಂಬು ಯಾವ ಅಂಗಡಿಯಲ್ಲಿ ಸಿಗುತ್ತೆ, ನನಗೂ ಒಂದು ತಂದುಕೊಡಿ ಎಂದಳು. ಅವನು ಚೊಂಬು ಹಿಡಿದುಕೊಂಡು ಹಾಗೇ ನಿಂತ. ಪಕ್ಕದಲ್ಲಿ ಕ್ರೇನಿನ ಮೇಲೆ ಕೂತಿದ್ದ ಅವನ ತಂಗಿ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದಳು. ಆ ಅಂಗಳದಲ್ಲಿ ದೋಣಿಗಳನ್ನು ನೀರಿಗಿಳಿಸುವವಳು ಅವಳೇ. ಅಣ್ಣ ಅತ್ತಿಗೆಯ ಜಗಳದಲ್ಲಿ ಅವಳು ಯಾವಾಗಲೂ ಅತ್ತಿಗೆಯ ಪಕ್ಷ. ಮೇಸ್ತ್ರಿ ಸೋತ. ಆದರೆ ತೂತು ತಾನೇ ಕೊರೆಯುತ್ತೇನೆ, ದೋಣಿಯ ಮೈಗೆ ಇನ್ನೊಬ್ಬರು ಕೈ ಹಚ್ಚಕೂಡದು ಎಂದ.

ಆಮೇಲೆ ಒಲೆಯಕ್ಕನ ಕೈ ನೋಡಬೇಕಿತ್ತು. ಸಿಲಿಂಡರಿನಿಂದ ಒಲೆಯ ಹತ್ತಿರದ ತನಕ ನಡುವೆ ಎಲ್ಲೂ ಬೆಸುಗೆಯಿಲ್ಲದ ಒಂದೇ ತಾಮ್ರದ ಕೊಳವೆ ಎಳೆದಳು. ಅದು ಹಲಗೆ ದಾಟುವಲ್ಲಿ ಉಜ್ಜಿ ಸವೆಯದಂತೆ ರಬ್ಬರು ತೊಡಿಸಿದಳು. ಸಿಲಿಂಡರಿನ ಬಾಯಿಗೆ ರೆಗ್ಯುಲೇಟರು, ಅದರ ಪಕ್ಕ ಒತ್ತಡ ತೋರಿಸುವ ಮುಳ್ಳಿನ ಗಡಿಯಾರ. ದೋಣಿ ವಾಲಿದರೂ ಪಾತ್ರೆ ನೆಟ್ಟಗಿರುವಂತೆ ಒಲೆಯನ್ನು ಎರಡು ಕಿವಿಗಳ ಮೇಲೆ ತೂಗಿಬಿಟ್ಟು, ಅದರ ಜೊತೆ ಬಳುಕುವಂತೆ ಕೊನೆಯ ಗೇಣಿಗೆ ಮೆದು ಕೊಳವೆ ಹಾಕಿದಳು. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಅಂತ ಕಣ್ಣು ಮಿಟುಕಿಸದೆ ಕೂತಳು. ಏಳಲಿಲ್ಲ. ಇಂಥ ಕೆಲಸ ತನ್ನ ಕೈಯಿಂದಲೇ ಆದದ್ದು ಅಂತ ಅವಳಿಗೆ ಹೆಮ್ಮೆಯಾಯಿತು, ಹಾಗಂತ ನಾದಿನಿಗೆ ಬಾಯಿಬಿಟ್ಟೇ ಹೇಳಿದಳು. ಅವತ್ತೇ ಮಧ್ಯಾಹ್ನ ಮೇಸ್ತ್ರಿ ಹಲ್ಲು ಕಚ್ಚಿ, ತನ್ನ ಕೂಸಿಗೆ ಸೂಜಿ ಚುಚ್ಚಿಸುವವನ ಮುಖ ಮಾಡಿಕೊಂಡು, ತೂತು ಕೊರೆದ. ಅದರೊಳಗೆ ಕೂರಿಸಬೇಕಾದ ಕೊಳವೆ ತುಂಡು ಬೆಳಿಗ್ಗೆ ಹಾಕಿದರಾಯಿತು ಅಂತ ಅವಳು ಮನೆಗೆ ಹೊರಟಳು. ಮರುದಿನ ಉಬ್ಬರದಲ್ಲಿ ನೀರು ಏರಿದಾಗ ದೋಣಿ ಇಳಿಸುವುದೆಂದು ನಿಶ್ಚಯವಾಗಿತ್ತು.

ಬೆಳಿಗ್ಗೆ ಬಂದವಳು ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಅಂತ ಪೆಟ್ಟಿಗೆಗೆ ಒಂದು ಚೊಂಬು ನೀರು ಸುರಿದಳು. ಕೆಳಗೆ ನಾದಿನಿ ಅಂಗೈ ಒಡ್ಡಿಕೊಂಡು ನಿಂತಿದ್ದಳು.

"ಅತ್ತಿಗೆ, ಒಂದು ಹನಿನೂ ಬರ್ತಿಲ್ಲ," ಅಂದಳು ಅವಳು.

ಒಲೆಯಕ್ಕ ಬಗ್ಗಿ ಬೆರಳು ಹಾಕಿದಳು. ತೂತು ಇದ್ದ ಜಾಗದಲ್ಲಿ ಪುಟ್ಟಿ ಗಟ್ಟಿಯಾಗಿತ್ತು. ಇಳಿದು ಹೊರಗೆ ನೋಡಿದರೆ ಹೊಸ ಬಣ್ಣ ನುಣ್ಣಗೆ ಮಿಂಚುತ್ತಿತ್ತು, ಎಲ್ಲಿ ಕೊರೆದಿದ್ದು ಅಂತ ಹೇಳಲಾಗದಷ್ಟು ಚೊಕ್ಕ ಕೆಲಸ. ಅವಳಿಗೆ ಸಿಟ್ಟು ಬಂತು. ತೂತು ಮುಚ್ಚಿದ್ದಕ್ಕಲ್ಲ. ಎದುರಿಗೆ ಹೂಂ ಅಂದು ಬೆನ್ನ ಹಿಂದೆ ಹೀಗೆ ಮಾಡಿದನಲ್ಲ ಅಂತ. ಅವಳು ಸ್ಪ್ಯಾನರುಗಳನ್ನೆಲ್ಲ ಚೀಲಕ್ಕೆ ತುಂಬಿ, ದೋಣಿ ಬೇಕಾದರೆ ಇಳಿಸು, ನಿಮ್ಮಣ್ಣ ಒಬ್ಬನೇ ಹೋಗ್ತಾನೆ, ನಾನು ಬರೋದಿಲ್ಲ ಅಂತ ನಾದಿನಿಗೆ ಹೇಳಿಬಿಟ್ಟಳು.

ಅಷ್ಟರಲ್ಲಿ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಮೇಸ್ತ್ರಿ ಬಂದ. ತಂಗಿ ಬೆರಳು ಮಾಡಿ ತೋರಿಸಿದ ಜಾಗವನ್ನು ಮುಟ್ಟಿ ನೋಡಿದ, ಉಗುರಿನಿಂದ ಕೆರೆದ. ಬಣ್ಣದ ಕೆಳಗೆ ಪುಟ್ಟಿ ಕಂಡಿತು. ಹಗ್ಗದ ಸುರುಳಿಯನ್ನು ಹೆಗಲಿಂದ ಕೆಳಗಿಳಿಸಿದ. ನಿನ್ನೆ ಸಂಜೆ ಪುಟ್ಟಿ ಡಬ್ಬಿ, ಬಣ್ಣದ ಡಬ್ಬಿ ಹಿಡಿದು ದೋಣಿಗೆ ಕೊನೆಯ ಸುತ್ತು ಬಂದದ್ದು ನಿಜ, ನೀರಿಗಿಳಿಸುವ ಮುನ್ನ ಪ್ರತಿ ದೋಣಿಗೂ ಬರುವ ಹಾಗೆ. ಇದನ್ನು ಮುಚ್ಚಿದ್ದು ಮಾತ್ರ ನೆನಪೇ ಇಲ್ಲ ಎಂದ. ಮತ್ತೆ ಮಾತಾಡಲಿಲ್ಲ.

ಸುಳ್ಳು ಹೇಳುವಾಗ ತನ್ನ ಗಂಡ ಪುರಾಣ ಬಿಚ್ಚುತ್ತಾನೆ, ಬಾಯಿ ಕಟ್ಟುವುದಿಲ್ಲ, ಅದು ಒಲೆಯಕ್ಕನಿಗೆ ಗೊತ್ತು. ಹಾಗಾಗಿ ನಂಬಿದಳು. ನಂಬಿದ ಮೇಲೆ ಸಮಾಧಾನವಾಗುವ ಬದಲು ಇನ್ನಷ್ಟು ಕಷ್ಟವಾಯಿತು. ಸುಳ್ಳಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ತನಗೇ ತಿಳಿಯದ ಹಾಗೆ ಕೆಲಸ ಮಾಡುವ ಕೈಯನ್ನು ಪಕ್ಕದಲ್ಲಿಟ್ಟುಕೊಂಡು, ಗ್ಯಾಸಿನ ಮೇಲೆ ಮಲಗಿ ನಿದ್ದೆ ಮಾಡುವುದು ಹೇಗೆ?

"ಇಷ್ಟು ವರ್ಷ ಊರವರನ್ನೆಲ್ಲ ನೀರಿಗೆ ಕಳಿಸ್ದೆ," ಎಂದ ಅವನು, ದೋಣಿಯ ಮೈ ಸವರುತ್ತ. "ಒಂದು ದಿನಾನೂ ಹೆದರಿದವನಲ್ಲ. ಈ ಸಲ ಒಳಗೆ ನೀನಿರ್ತೀಯ. ನಂಗೆ ಭಯ ಕಣೇ."

ಅವನ ಬಾಯಿಂದ ಆ ಮಾತು ಅವಳು ಯಾವತ್ತೂ ಕೇಳಿರಲಿಲ್ಲ. ಸಿಟ್ಟು ಅರ್ಧ ಇಳಿಯಿತು, ಕಣ್ಣು ಒದ್ದೆಯಾಯಿತು. ಉಳಿದರ್ಧ ಸಿಟ್ಟಿನಿಂದಲೇ ಡ್ರಿಲ್ಲು ಕೊಡಿ ಎಂದು ಕೈ ಚಾಚಿದಳು. ದೋಣಿಯ ಮೈಗೆ ಇನ್ನೊಬ್ಬರು ಕೈ ಹಚ್ಚಕೂಡದು ಅಂದವನು ಮರುಮಾತಿಲ್ಲದೆ ಕೊಟ್ಟ. ಅವಳು ಒಳಗಿನಿಂದ ಕೊರೆದಳು, ಅವನು ಹೊರಗೆ ಸ್ಟೂಲಿನ ಮೇಲೆ ಕೂತು ಹಲಗೆ ನೋಡುತ್ತಿದ್ದ. ಪುಟ್ಟಿ ಪುಡಿಪುಡಿಯಾಗಿ ಅವನ ಮಡಿಲಿಗೆ ಬಿತ್ತು. ತಾಮ್ರದ ಕೊಳವೆಯ ತುಂಡನ್ನೂ ಅದರ ಬಾಯಿಗೆ ಹಾಕುವ ಹಿತ್ತಾಳೆಯ ಬಳೆಯನ್ನೂ ಕಿಸೆಯಿಂದ ತೆಗೆದು ಅವಳು ಕೆಳಗಿಳಿದು ಬಂದಳು. ತಾನೇ ಹಾಕಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಹಾಕಲಿಲ್ಲ.

"ಇದನ್ನ ನೀವೇ ಕೂರಿಸಿ. ನಾನು ಹಾಕಿದ್ರೆ ಅದು ನಿಮ್ಮ ಕೈಗೆ ತೂತಾಗೇ ಕಾಣುತ್ತೆ. ನೀವೇ ಹಾಕಿದ್ದನ್ನ ನೀವು ಯಾವತ್ತೂ ಕಿತ್ತವರಲ್ಲ."

ಅವನು ಕೂರಿಸಿದ. ಕೂರಿಸಿದ್ದೂ ಎಂಥ ಕೂರಿಸುವುದು. ಅಂಚಿಗೆ ಹತ್ತಿ ಸುತ್ತಿ, ಬಳೆ ಒತ್ತಿ, ಸ್ಕ್ರೂಗಳ ತಲೆ ಒಂದೇ ದಿಕ್ಕಿಗೆ ನಿಲ್ಲುವಂತೆ ತಿರುಗಿಸಿ, ಅಂಗಿಯ ತುದಿಯಿಂದ ಒರೆಸಿ, ಹಿಂದೆ ಸರಿದು ನೋಡಿ, ಮತ್ತೆ ಒರೆಸಿದ. ನೀರು ಸುರಿದರೆ ಸರಾಗವಾಗಿ ಹೊರಗೆ ಬಿತ್ತು. ನೀರು ಇಳಿಯೋ ಹೊತ್ತಾಯ್ತು, ಬಳೆ ಶಾಸ್ತ್ರ ಮುಗೀತಾ ಅಂತ ನಾದಿನಿ ಕ್ರೇನಿನ ಮೇಲಿಂದ ಕೇಳಿದಳು.

ದೋಣಿ ಇಳಿಯಿತು. ಅದನ್ನು ಕಟ್ಟೆಗೆ ಕಟ್ಟಿದ ಮೇಲೆ ಒಲೆಯಕ್ಕ ಹತ್ತಿದಳು, ಆದರೆ ಕೆಲಸ ಪರೀಕ್ಷಿಸಲಿಕ್ಕೆ ಮಾತ್ರ ಎಂದಳು. ಚೀಲವನ್ನು ಹೆಗಲಿಂದ ಇಳಿಸಲಿಲ್ಲ. ಸಿಲಿಂಡರು ತೆರೆದು ಮುಚ್ಚಿ, ಎಲ್ಲಾದರೂ ಸೋರಿ ಒತ್ತಡದ ಗಡಿಯಾರದ ಮುಳ್ಳು ಕದಲುತ್ತದೋ ಅಂತ ಕಾದಳು. ಕದಲಲಿಲ್ಲ. ಮತ್ತೆ ತೆರೆದು ಒಲೆ ಹಚ್ಚಿದಳು, ತಲೆ ಓರೆ ಮಾಡಿ ಕೇಳಿದಳು. ಉರಿ ನೀಲಿಯಾಗಿ, ನೆಮ್ಮದಿಯಾಗಿ ಉರಿಯಿತು. ಒಲೆ ಆರಿಸಿ ಹೊರಗೆ ಬಂದು ನೋಡಿದರೆ ಗಂಡ ದೋಣಿಯ ಹಿಂಬದಿಯಲ್ಲಿ ಬೋರಲು ಮಲಗಿ, ತಲೆ ಹೊರಗೆ ಚಾಚಿ, ಹಿತ್ತಾಳೆ ಬಳೆಯನ್ನೇ ಕಾಯುತ್ತಿದ್ದ. ಹತ್ತಿರದಲ್ಲೇ ಒಂದು ಮೋಟಾರು ದೋಣಿ ಹಾದುಹೋಯಿತು. ಅದರ ಅಲೆ ಬಂದು ದೋಣಿಯ ಮೈಗೆ ಬಡಿದು ತೂತಿನೊಳಗೂ ಒಂದಿಷ್ಟು ನುಗ್ಗಿತು. ಅವನ ಬಲಗೈ ನೆಲದಿಂದ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ದೋಣಿ ಆ ಕಡೆಯಿಂದ ಈ ಕಡೆಗೆ ವಾಲಿದಾಗ ಅಷ್ಟೂ ನೀರು ಕೊಳವೆಯಿಂದ ಹಾಗೇ ಹೊರಗೆ ಸುರಿದು ಹೋಯಿತು. ಅವನು ಕೈಯನ್ನು ಕೆಳಗಿಟ್ಟ.

"ನೀರು ಬಂತಾ?" ಎಂದು ಅವಳು ಕೇಳಿದಳು.

"ಬಂತು," ಎಂದ. ಮತ್ತೊಮ್ಮೆ ಬಗ್ಗಿ ನೋಡಿ, "ಹೋಯ್ತು," ಎಂದ.

ಅವಳು ಚೀಲವನ್ನು ಹೆಗಲಿಂದ ಇಳಿಸಿ ಒಳಗಿಟ್ಟಳು. ಆಮೇಲೆ ಕಟ್ಟೆಯ ಮೇಲೆ ನಿಂತಿದ್ದ ನಾದಿನಿಗೆ, ಹಗ್ಗ ಬಿಚ್ಚಮ್ಮ, ನಾವು ಹೊರಟ್ವಿ ಎಂದಳು.