ಮೊಣಕೈ ನರಕ್ಕೆ ಬೀಟ್‌ರೂಟು

ನನ್ನ ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಒಟ್ಟಿಗೇ ಕೈಕೊಟ್ಟವು. ಮೊದಲು ಇರುವೆ ಹರಿದಂಗೆ ಜುಮುಜುಮು, ಆಮೇಲೆ ಫ್ಯಾಕ್ಟರಿಯ ಅಸೆಂಬ್ಲಿ ಲೈನಿನಲ್ಲಿ ಹಿಡಿದ ಸರ್ಕ್ಯೂಟ್ ಬೋರ್ಡೆಲ್ಲಾ ಜಾರಿ ಬೀಳೋದು. "ಹಿಂಗೇ ಆದ್ರೆ ಪ್ಯಾಕಿಂಗ್‌ಗೆ ಹಾಕ್ತೀನಮ್ಮ" ಅಂದ ಸೂಪರ್‌ವೈಸರ್. ಬಾಗಲಕೋಟೆ ಕಡೆಯಿಂದ ಬಂದು ಈ ಕೆಲಸ ಕಲಿಯೋಕೆ ನಾ ಪಟ್ಟ ಪಾಡು ನನಗೇ ಗೊತ್ತು. ಡಬ್ಬ ಹೊತ್ತುಹಾಕೋಕೆ ಹೋಗ್ಬೇಕಾ ಈಗ?

ಚಂದಾಪುರದ ಡಾಕ್ಟ್ರು ಮೊಣಕೈ ತಟ್ಟಿ ನೋಡಿ, "ಇಲ್ಲೊಂದು ನರ ಇದೆ, ಅದಕ್ಕೆ ರಕ್ತ ಸರಿಯಾಗಿ ಹೋಗ್ತಿಲ್ಲ" ಅಂದರು. ಇನ್ನೂ ಏನೇನೋ ಹೇಳಿದರು. ರಕ್ತ ಅಂದಮೇಲೆ ನನ್ನ ತಲೆಗೆ ಬೇರೇನೂ ಹೋಗಲಿಲ್ಲ.

ನನ್ನ ಬಾಡಿಗೆ ರೂಮಿನ ಪಕ್ಕದಲ್ಲೇ ಓನರಮ್ಮನ ಮನೆ, ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಶಿಫ್ಟ್ ಮುಗಿಸಿ ಬಂದರೆ ಆ ಗೋಡೆಗೆ ಮೊಣಕೈ ಊರಿ ಅವರ ಸೊಸೆ ಪುರಾಣ ಕೇಳೋದು ನನ್ನ ದಿನದ ಕೆಲಸ. ಅವತ್ತು ನನ್ನ ಸುದ್ದಿ ಹೇಳಿದೆ. "ಅಯ್ಯೋ ನನ್ ಕಂದಾ, ರಕ್ತನೇ ಇಲ್ವಾ? ಅಂಗಾದ್ರೆ ಬೀಟ್‌ರೂಟ್ ತಿನ್ಬೇಕು ಕಣವ್ವ!" ಅಂದರು. ಬೀಟ್‌ರೂಟ್ ಪಲ್ಯ, ನುಗ್ಗೆಸೊಪ್ಪು, ಖರ್ಜೂರ, ದಿನಾ ಗೋಡೆ ಮೇಲಿಂದ ದಾಟಿ ಬಂದವು. ಯವ್ವಾ, ನನ್ನ ನಾಲಿಗೆ ಕೆಂಪಾಯ್ತು, ಕೆನ್ನೆ ಉಬ್ಬಿತು, ಬೆರಳು ಮಾತ್ರ ಕಟ್ಟಿಗೆ.

ಮತ್ತೆ ಡಾಕ್ಟ್ರ ಹತ್ರ ಓಡಿದೆ. "ಬೀಟ್‌ರೂಟ್ ಯಾರು ಹೇಳಿದ್ದು? ಮೈಯಲ್ಲಿ ರಕ್ತ ಬೇಕಾದಷ್ಟಿದೆ ತಾಯಿ. ಮೊಣಕೈ ಮಡಚಿ ಊರಿದ್ರೆ ನರಕ್ಕೆ ರಕ್ತ ಕೊಡೋ ಸಣ್ಣ ನಾಳಗಳು ಅದುಮಿಹೋಗ್ತವೆ. ಹೊತ್ತುಗಟ್ಟಲೆ ಎಲ್ಲಿ ಊರ್ತೀರಾ?" ಅಂದರು. ಗೋಡೆ ನೆನಪಾಗಿ ನಾನು ಪೆಚ್ಚಾದೆ.

ಸಂಜೆ ದೂರದಿಂದಲೇ, "ಅಮ್ಮಾ, ಗೋಡೆಗೆ ಕೈ ಊರಬ್ಯಾಡ ಅಂದಾರ್ರೀ ಡಾಕ್ಟ್ರು" ಅಂದೆ. ಓನರಮ್ಮನ ಮುಖ ಸಣ್ಣದಾಯ್ತು. "ಓಹೋ, ನನ್ ಮಾತು ಕೇಳಿ ನಿನ್ ನರ ಸತ್ತೋಯ್ತಾ? ಆಯ್ತು ಬುಡವ್ವ" ಅಂದು ಒಳಗೆ ಹೋದರು.

ಬರ್ತಾ ಬರ್ತಾ ಬೆರಳಿಗೆ ಜೀವ ಬಂತು. ಬೋರ್ಡು ಬೀಳೋದು ನಿಂತಿತು, ಸೂಪರ್‌ವೈಸರ್ ಸುಮ್ಮನಾದ. ಓನರಮ್ಮ ಮಾತ್ರ ಗೋಡೆ ಕಡೆ ಬರಲೇ ಇಲ್ಲ. ಈ ಊರಲ್ಲಿ ನನ್ನನ್ನ "ಉಂಡ್ಯಾ?" ಅಂತ ಕೇಳೋ ಜೀವ ಅದೊಂದೇ. ಬಹಳ ಬೇಜಾರಾಯ್ತು. ತಡೆಯೋಕಾಗದೆ ಒಂದು ಸಂಜೆ ಅವರ ಮನೆಗೇ ಹೋಗಿ ಮೆಟ್ಟಿಲ ಮೇಲೆ ಕೂತೆ. "ಅಮ್ಮಾ, ಸೊಸಿ ಇವತ್ತೇನ್ ಮಾಡಿದ್ಲು?"

ಓನರಮ್ಮ ಮುಖ ತಿರುಗಿಸಿಕೊಂಡೇ ನನ್ನ ಪಕ್ಕ ಬಂದು ಕೂತರು. ಆಮೇಲೆ, "ಕೈ ನೆಟ್ಟಗಿಟ್ಕೊಂಡು ಕೂತ್ಕೊ. ಇದು ಬೇಗ ಮುಗಿಯೋ ಕತೆ ಅಲ್ಲ" ಅಂದರು.

ಅಷ್ಟರಲ್ಲಿ ಸೊಸೆಯೇ ಟೀ ತಂದಳು. ನನ್ನ ಕೈಗೆ ಲೋಟ ಕೊಡ್ತಾ ಮೆಲ್ಲಗೆ, "ದಿನಾ ಬನ್ನಿ ಅಕ್ಕಾ, ದಮ್ಮಯ್ಯ" ಅಂದಳು. "ನೀವು ಬರ್ದೇ ಇದ್ದಿದ್ದಕ್ಕೆ ನನ್ ಮೇಲಿನ ದೂರೆಲ್ಲಾ ನಾನೇ ಕೂತು ಕೇಳ್ಬೇಕಾಯ್ತು."